ಉಂಬಳಕ್ಕೆ ಹೆದರಿ ತುಕ್ಕು ಹಿಡಿದ ಕಾರು

ನಾನು ನಿವೃತ್ತ. ನಗಬೇಡಿ. ಮೂವತ್ತೈದು ತುಂಬುವ ಮೊದಲೇ ನಿವೃತ್ತನಾದವನು ಸಾಗರ ಪೇಟೆಯಲ್ಲಿ ನಾನೊಬ್ಬನೇ ಇರಬೇಕು. ಸರ್ಕಾರಿ ನೌಕರರನ್ನು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತಾರೆ. ನನ್ನನ್ನು ಡಾಕ್ಟರು ಎದೆಯ ಎಕ್ಸ್‌ರೇ ಕೊಟ್ಟು ಕಳಿಸಿದರು. "ಪುಟ್ಟಿ ಧೂಳು, ವೆಲ್ಡಿಂಗ್ ಹೊಗೆ, ಪೇಂಟಿನ ಗಾಳಿ, ಮೂರನ್ನೂ ನೀನು ಬಿಡು. ಇಲ್ಲಾಂದ್ರೆ ಅವು ನಿನ್ನನ್ನ ಬಿಡಲ್ಲ" ಅಂದರು. ಹಾಗೆ ಹೇಳುವಾಗ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮಾತಿಗೊಂದು ಸಲ ಪೆನ್ನಿನಿಂದ ಮೇಜು ಕುಟ್ಟುತ್ತಿದ್ದರು. ನಾನು ಹೊರಗೆ ಬಂದು, ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರಿಗೆ ಅದನ್ನೇ ಮಾಡಿ ತೋರಿಸಿದೆ. ಒಳಗಿಂದ "ಯಾರದು ನನ್ನ ಹಾಗೆ ಮಾತಾಡೋದು?" ಅಂತ ಕೂಗು ಬಂತು. ನಾನು ಆಗಲೇ ಬಸ್ಸಿನ ಕಡೆ ಓಡುತ್ತಿದ್ದೆ.

ನನ್ನ ಕಸುಬು ಟಿಂಕರಿಂಗ್. ಅಂದರೆ ಕಾರಿನ ಮೈ ರಿಪೇರಿ. ಗುದ್ದಿ ತಗ್ಗಾದದ್ದನ್ನು ಎತ್ತುವುದು, ತುಕ್ಕು ತಿಂದದ್ದನ್ನು ಕತ್ತರಿಸಿ ಹೊಸ ತಗಡು ಕೂರಿಸುವುದು. ಇಂಜಿನ್ ಕೆಲಸದವರು ನಮ್ಮನ್ನು ಒಂದು ಮೆಟ್ಟಿಲು ಕೆಳಗೇ ನೋಡುತ್ತಾರೆ. ನೋಡಲಿ. ಇಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ, ಅಷ್ಟೇ. ಮೈ ಕೆಟ್ಟರೆ ಕಾರು ಓಡುತ್ತಲೇ ಇರುತ್ತದೆ, ಕೂತವರು ರಸ್ತೆಯಲ್ಲಿ ಉಳಿಯುತ್ತಾರೆ.

ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಕೇಳುತ್ತಾರೆ: "ಅಣ್ಣಾ, ಎಲ್ಲಾ ಪ್ಯಾನಲ್ಲೂ ರೆಡಿ ಬರುತ್ತಲ್ಲ. ಹಳೇದು ಬಿಚ್ಚು, ಹೊಸದು ಹಾಕು. ಇದರಲ್ಲಿ ಕಲಿಯೋಕೆ ಏನಿದೆ?" ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಮಳೆ ಬೀಳುತ್ತಿರುವವರೆಗೆ ತುಕ್ಕಿಗೆ ಬರಗಾಲವಿಲ್ಲ ಕಣ್ರೋ. ಕಲಿಯಲು ಏನಿದೆ ಅಂತ ಕೇಳಿದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಿವಿ ಬೇಕು. ನನ್ನ ಮೇಸ್ತ್ರಿ ವಾಸಣ್ಣ ಯಾವ ಕಾರನ್ನೂ ಕಣ್ಣಿಂದ ನೋಡುತ್ತಿರಲಿಲ್ಲ. ಬಣ್ಣ ಸುಳ್ಳು ಹೇಳುತ್ತದೆ ಅನ್ನುತ್ತಿದ್ದರು. ತೋರುಬೆರಳಿನ ಗೆಣ್ಣಿನಿಂದ ಮೈಯೆಲ್ಲಾ ತಟ್ಟುತ್ತಾ ಒಂದು ಸುತ್ತು ಬರುತ್ತಿದ್ದರು. ಗಟ್ಟಿ ತಗಡು 'ಟಣ್' ಅನ್ನುತ್ತದೆ. ತಗ್ಗಿಗೆ ಹಿಟ್ಟಿನಂಥ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದಿದ್ದರೆ 'ದೊಬ್' ಅನ್ನುತ್ತದೆ, ಮದುವೆ ಊಟ ಮಾಡಿದವನ ಹೊಟ್ಟೆ ತಟ್ಟಿದ ಹಾಗೆ. ಒಳಗಿನಿಂದ ತುಕ್ಕು ತಿಂದು ಮೇಲೆ ಹೊಟ್ಟು ಮಾತ್ರ ಉಳಿದಿದ್ದರೆ 'ಚರಕ್', ಒಣ ಹಪ್ಪಳ. ಅನುಮಾನ ಬಂದಲ್ಲಿ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿಯಬೇಕು. ಪುಟ್ಟಿಗೆ ಅದು ಅಂಟುವುದಿಲ್ಲ. ಆಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಬೇಕು. ಒಳಗೆ ಹೋದರೆ ಕತ್ತರಿ, ಹೋಗದಿದ್ದರೆ ನಮಸ್ಕಾರ.

ಈ ಮೂರು ದನಿಗಳನ್ನೂ ನಾನು ಬಾಯಲ್ಲೇ ಹೊರಡಿಸುತ್ತಿದ್ದೆ. ಅದರಿಂದ ಆದ ಅನಾಹುತ ಒಂದಿದೆ. ಲಿಂಗನಮಕ್ಕಿ ಕಡೆಯವರೊಬ್ಬರು ತಮ್ಮ ಭಾವನಿಂದ ಕೊಂಡ ಕಾರು ತಂದಿದ್ದರು. ವಾಸಣ್ಣ ಬಾಗಿಲು ತಟ್ಟಿದಾಗಲೆಲ್ಲಾ ನಾನು ಆಚೆ ಬದಿಯಲ್ಲಿ ಕೂತು 'ದೊಬ್, ದೊಬ್' ಅಂದೆ. ಕಾರು ಚಿನ್ನದಂಥದ್ದು. ವಾಸಣ್ಣ ಗಂಭೀರವಾಗಿ, "ಸ್ವಾಮಿ, ಇದು ಬಾಗಿಲಲ್ಲ, ಪುಟ್ಟಿ ಗೋಡೆ" ಅಂದುಬಿಟ್ಟರು. ಆ ಮನುಷ್ಯ ಕಾರನ್ನು ಅಲ್ಲೇ ಬಿಟ್ಟು ಎದ್ದು ನಡೆದರು. ಎಲ್ಲಿಗೆ? ಭಾವನ ಮನೆಗೆ, ಜಗಳಕ್ಕೆ. ನಾನು ಸೈಕಲ್ಲಿನಲ್ಲಿ ಅಟ್ಟಿಸಿಕೊಂಡು ಹೋಗಿ ಜೋಗ ರಸ್ತೆಯಲ್ಲಿ ಹಿಡಿದೆ. ನಡುರಸ್ತೆಯಲ್ಲಿ ನಿಂತು 'ದೊಬ್' ಅಂತ ಮಾಡಿ ತೋರಿಸಿದ ಮೇಲೆಯೇ ಅವರು ನಂಬಿದ್ದು. ವಾಸಣ್ಣ ನನಗೆ ಬಯ್ಯಲಿಲ್ಲ. ಅವತ್ತಿನಿಂದ ತಟ್ಟುವಾಗ ನನ್ನ ಬಾಯಿಗೆ ಎಲೆಯಡಿಕೆ ಕವಳ ತುರುಕುತ್ತಿದ್ದರು, ಅಷ್ಟೇ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಟೆಂಪೋ ಮೇಲೆ ಹಗ್ಗ ಬಿಗಿಸಿಕೊಂಡು ಆ ಕಾರು ಬಂತು. ತಲೆಯ ಮೇಲೆ ಮಾಡು, ಅಂದರೆ ಚಾವಣಿ, ಇಲ್ಲದ, ಎರಡೇ ಸೀಟಿನ, ಹೊರದೇಶದ ಹಳೇ ಸ್ಪೋರ್ಟ್ಸ್ ಕಾರು. ಎಷ್ಟು ತಗ್ಗು ಅಂದರೆ ಪಕ್ಕದಲ್ಲಿ ನಿಂತರೆ ಅದರ ಬಾಗಿಲು ನನ್ನ ಮೊಣಕಾಲಿಗೆ ಬರುತ್ತಿತ್ತು. ತಂದವರು ಮಂಜಪ್ಪ, ತೀರ್ಥಹಳ್ಳಿ ಹತ್ತಿರದ ಮೇಳಿಗೆ ದಾಟಿ ಒಳಗಿರುವ ಒಂದು ಹಳ್ಳಿಯವರು. ಐವತ್ತರ ಆಸುಪಾಸು. ಗದ್ದೆ, ಒಂದು ಅಕ್ಕಿ ಗಿರಣಿ, ಸ್ವಲ್ಪ ಮುಂಗೋಪ.

ಕಾರಿನ ಕಥೆ ಅವರೇ ಹೇಳಿದರು. ಅದು ಅವರ ಊರಿನ ದೊಡ್ಮನೆಯವರದ್ದು. ಮಂಜಪ್ಪನ ಅಪ್ಪ ಅಮ್ಮ ಆ ಮನೆಯ ಗೇಣಿ ಒಕ್ಕಲು. ಭೂಮಿ ಕಾನೂನು ಬಂದ ಮೇಲೆ ಗದ್ದೆ ಇವರದೇ ಆಯಿತು. ಕಾರು ಮಾತ್ರ ದೊಡ್ಮನೆಯ ಕೊಟ್ಟಿಗೆಯಲ್ಲಿ ಪ್ಲಾಸ್ಟಿಕ್ ಹೊದ್ದು ಮಲಗಿತ್ತು. ಅದಕ್ಕೂ ಮುಂಚೆ, ಮಳೆಗಾಲದಲ್ಲಿ ಅದು ಕೆಸರಿನಲ್ಲಿ ಹೂತಾಗಲೆಲ್ಲಾ ಒಕ್ಕಲ ಕೇರಿಗೆ ಕರೆ ಬರುತ್ತಿತ್ತು. ಮಂಜಪ್ಪನ ತಾಯಿ, ಆಗಿನ್ನೂ ಹೊಸ ಮದುಮಗಳು, ಸೀರೆ ಎತ್ತಿ ಕಟ್ಟಿ ಅದನ್ನು ನೂಕಿದವರು. ಒಂದು ದಿನ ನೂಕಿ ಮುಗಿದ ಮೇಲೆ ಬಾಗಿಲ ಮೇಲೆ ಕೈ ಇಟ್ಟದ್ದಕ್ಕೆ, "ಕೆಸರಿನ ಕೈ ತೆಗಿ" ಅಂತ ಬೈಸಿಕೊಂಡರಂತೆ.

"ದೊಡ್ಮನೆ ಮಗ ಈಗ ಕೊಟ್ಟಿಗೆ ಖಾಲಿ ಮಾಡ್ದ. ಗುಜರಿಯವನು ಬರೋ ಮುಂಚೆ ನಾನು ಹೋಗಿ ತಗೊಂಡೆ" ಅಂದರು ಮಂಜಪ್ಪ. "ತೀರ್ಥಹಳ್ಳಿಲಿ ತೋರಿಸ್ದೆ, ಹೊಸನಗರದಲ್ಲಿ ತೋರಿಸ್ದೆ. ಎಲ್ರೂ ನಕ್ಕು ಕಳಿಸಿದ್ರು. ನಮ್ಮವ್ವನಿಗೆ ಎಪ್ಪತ್ತು ದಾಟಿದೆ ಮಾರಾಯ್ರೆ. ಅವಳು ಇದರಲ್ಲಿ ಕೂತು ತೀರ್ಥಹಳ್ಳಿ ಸಂತೆಗೆ ಹೋಗ್ಬೇಕು. ಆಗ್ತದಾ ಇಲ್ವಾ, ಅಷ್ಟು ಹೇಳಿ."

ವಾಸಣ್ಣ ತಟ್ಟಲು ಶುರುಮಾಡಿದರು. ಬಾನೆಟ್, ಟಣ್. ಹಿಂಭಾಗ, ಟಣ್. ಎರಡು ಬಾಗಿಲು, ಟಣ್ ಟಣ್. ಮಂಜಪ್ಪನ ಮುಖ ಅರಳಿತು. ಆಮೇಲೆ ವಾಸಣ್ಣ ಬಗ್ಗಿ ಬಾಗಿಲ ಕೆಳಗೆ ತಟ್ಟಿದರು. ಅಲ್ಲಿ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಒಂದು ತಗಡಿನ ಪೆಟ್ಟಿಗೆ ಓಡುತ್ತದೆ. ನಾವು ಅದನ್ನು ರನ್ನಿಂಗ್ ಬೋರ್ಡ್ ಅನ್ನುತ್ತೇವೆ. ಮಾಡಿಲ್ಲದ ಕಾರಿಗೆ ಬೆನ್ನೆಲುಬು ಅಂದರೆ ಅದೇ ಎರಡು ಪೆಟ್ಟಿಗೆ. ಚರಕ್. ಇನ್ನೊಂದು ಬದಿ, ಚರಕ್. ಸ್ಕ್ರೂಡ್ರೈವರ್ ಹಿಡಿ ತನಕ ಒಳಗೆ ಹೋಯಿತು.

ವಾಸಣ್ಣನ ಒಂದು ಗುಟ್ಟು ಹೇಳುತ್ತೇನೆ. ಸುಳ್ಳು ಹೇಳುವ ಮೊದಲು ಎರಡು ಸಲ ಗಂಟಲು ಸರಿ ಮಾಡಿಕೊಳ್ಳುತ್ತಾರೆ. ನಿಜ ಹೇಳುವ ಮೊದಲು ಹೊರಗೆ ಹೋಗಿ ಕವಳ ಉಗಿದು ಬರುತ್ತಾರೆ. ಅವತ್ತು ಗಂಟಲು ಸರಿ ಮಾಡಿಕೊಂಡರು. "ಹ್ಮ್, ಹ್ಮ್. ಎಂತದೂ ತೊಂದರೆ ಇಲ್ಲ. ಪುಟ್ಟಿ ತುಂಬಿ, ಮೇಲೊಂದು ಕೋಟ್ ಬಣ್ಣ ಹೊಡೆದ್ರೆ ಹೊಸ ಕಾರು. ಅಮ್ಮ ಹಾಯಾಗಿ ಕೂರಬಹುದು."

"ಕೂರಬಹುದು," ಅಂದೆ ನಾನು, ಅವರದೇ ದನಿಯಲ್ಲಿ. "ಮೇಳಿಗೆ ರಸ್ತೆ ಹಂಪು ಬರೋವರೆಗೆ. ಅಲ್ಲಿಂದ ಅಮ್ಮ ಒಂದು ಕಡೆ, ಸೀಟು ಒಂದು ಕಡೆ."

ಮಂಜಪ್ಪ ನನ್ನನ್ನು ನೋಡಿದರು, ವಾಸಣ್ಣನನ್ನು ನೋಡಿದರು. ವಾಸಣ್ಣ ಹೊರಗೆ ಹೋಗಿ ಉಗಿದು ಬಂದರು. "ಈ ಕಾರು ಮುಗಿದಿದೆ ಮಂಜಪ್ಪನೋರೆ. ಎರಡೂ ಪೆಟ್ಟಿಗೆ ಕತ್ತರಿಸಿ ಹೊಸದಾಗಿ ಕಟ್ಟಬೇಕು. ಕತ್ತರಿಸುವಾಗ ಮೈ ನಡುವಿಂದ ಮಡಚಿಕೊಂಡ್ರೆ ಆಮೇಲೆ ನಿಜಕ್ಕೂ ಗುಜರಿಯೇ. ನಾನು ಕೈ ಹಾಕಲ್ಲ."

ಮಂಜಪ್ಪ ಕಾರು ಒಯ್ಯಲಿಲ್ಲ. "ಯೋಚನೆ ಮಾಡಿ" ಅಂತ ಬಿಟ್ಟು ಹೋದರು. ಅದು ಗ್ಯಾರೇಜಿನ ಮೂಲೆಯಲ್ಲಿ ಕೂತಿತು, ನಾವು ಅದನ್ನು ದಾಟಿಕೊಂಡು ಓಡಾಡಿದೆವು.

ಆಗ ಬಂತು ದೊಡ್ಮನೆ ಮಗನ ಫೋನು. ವಾಸಣ್ಣನ ಮೊಬೈಲು ಬೆಂಚಿನ ಮೇಲಿತ್ತು, ಅವರು ಹಿಂದೆ ಕೈ ತೊಳೆಯುತ್ತಿದ್ದರು. ನಾನೇ ಎತ್ತಿದೆ, ಅಭ್ಯಾಸಬಲದಿಂದ ಅವರದೇ ದನಿಯಲ್ಲಿ. ಆ ಕಡೆಯವನು ಹೇಳಿದ: "ವಾಸಣ್ಣಾ, ಅದನ್ನ ಸುಮ್ನೆ ರಿಪೇರಿಗೆ ಯಾಕೆ ತಗೊಂಡ್ರಿ? ಅದು ಏಳಲ್ಲ. ಗುಜರಿಗೆ ಹೋಗುವಾಗ ಸ್ಟೇರಿಂಗು, ಮುಂದಿನ ಜಾಲರಿ ತೆಗೆದಿಡಿ. ನಮ್ಮ ಜಗಲಿ ಗೋಡೆಗೆ ಹಾಕ್ತೇನೆ, ಅಜ್ಜನ ನೆನಪಿಗೆ. ಆ ಮಂಜ ಅದನ್ನ ಊರೊಳಗೆ ಓಡಿಸೋದು ಚಂದ ಕಾಣ್ತದಾ, ನೀವೇ ಹೇಳಿ."

ಆ 'ಮಂಜ' ಅನ್ನುವ ಶಬ್ದ ನನ್ನ ಕಿವಿಗೆ ಚರಕ್ ಅಂತು.

"ಗೋಡೆಗೆ ಬೇಕಾದ್ರೆ ಅಜ್ಜನ ಫೋಟೋ ಹಾಕಿ" ಅಂದೆ, ವಾಸಣ್ಣನ ಗಡಸು ದನಿಯಲ್ಲಿ. "ಕಾರು ರಸ್ತೆಗೆ ಬರ್ತದೆ. ಮಳೆಗಾಲ ಶುರುವಾಗೋ ಮುಂಚೆ. ಪುಟ್ಟಿ ಇಲ್ಲದೆ, ಪೂರಾ ತಗಡಿನಲ್ಲಿ. ವಾಸು ಮಾತು ಕೊಟ್ಟ ಅಂದ್ರೆ ಕೊಟ್ಟ."

ಫೋನ್ ಇಟ್ಟು ತಿರುಗಿದರೆ ವಾಸಣ್ಣ ಒದ್ದೆ ಕೈ ಒರೆಸುತ್ತಾ ಹಿಂದೆಯೇ ನಿಂತಿದ್ದರು. ಇವತ್ತು ನನ್ನ ಕೆಲಸ ಹೋಯಿತು ಅಂದುಕೊಂಡೆ. ಅವರು ಕಾರಿನ ಕಡೆ ಒಮ್ಮೆ ನೋಡಿದರು. "ಮಾತು ನಿನ್ನದಾದ್ರೆ ಒದ್ದು ಓಡಿಸ್ತಿದ್ದೆ" ಅಂದರು. "ದನಿ ನಂದು. ನನ್ನ ದನಿಯಲ್ಲಿ ಹೊರಗೆ ಹೋದ ಮಾತು ನಾನು ಹೇಳಿದ್ದೇ ಅಂತ ಲೆಕ್ಕ. ಗ್ರೈಂಡರ್ ತಾರೋ ಕೋತಿ."

ಗ್ರೈಂಡರ್ ತಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಾಗಿತ್ತು. ವಾಸಣ್ಣ ಪೈಪು ತರಲು ಪೇಟೆಗೆ ಹೋದ ಗಳಿಗೆಯಲ್ಲಿ, ಅವರು ಬರುವಷ್ಟರಲ್ಲಿ ಅರ್ಧ ಕೆಲಸ ಮುಗಿಸಿ ಬೀಗುವ ಆಸೆಯಿಂದ ನಾನು ಎಡಗಡೆ ಪೆಟ್ಟಿಗೆಗೆ ಗ್ರೈಂಡರ್ ಹಚ್ಚಿದೆ. ನಡುವಿಗೆ ಬರುತ್ತಿದ್ದ ಹಾಗೆ ಮುದುಕರು ಕೂರುವಾಗ ನರಳುವ ಹಾಗೆ ಕಾರು ನರಳಿತು. ಬಾಗಿಲು ತೆಗೆಯಲು ಹೋದರೆ ಬರುತ್ತಿಲ್ಲ. ಮೈ ನಡುವಿನಲ್ಲಿ ಕುಸಿದು, ಬಾಗಿಲಿನ ಮೇಲಿನ ಸಂದು ಮುಚ್ಚಿಕೊಂಡು ಅದನ್ನು ಕಚ್ಚಿ ಹಿಡಿದಿತ್ತು.

ಕೇಳಿ, ಈ ಕೆಲಸಕ್ಕೆ ಬರುವವರೇ. ಮಾಡಿಲ್ಲದ ಕಾರಿನ ಪೆಟ್ಟಿಗೆ ಕತ್ತರಿಸುವ ಮೊದಲು ಬಾಗಿಲು ಬಿಚ್ಚಬೇಕು, ಬಾಗಿಲಿದ್ದ ಜಾಗಕ್ಕೆ ಅಡ್ಡಡ್ಡ ಪೈಪು ಬೆಸೆದು ಮೈಯನ್ನು ಕಟ್ಟಿಹಾಕಬೇಕು. ವಾಸಣ್ಣ ಪೇಟೆಗೆ ಹೋದದ್ದೇ ಆ ಪೈಪಿಗೆ. ಬಂದು ನೋಡಿ ಬೈಗುಳವನ್ನೇನೂ ಉಳಿಸಿಕೊಳ್ಳಲಿಲ್ಲ. ನನಗೆ, ನನ್ನ ಊರಿಗೆ, ನನ್ನನ್ನು ಹುಟ್ಟಿಸಿದ ಗಳಿಗೆಗೆ ಎಲ್ಲಾ ಹಂಚಿದರು. ಬೈಯುತ್ತಲೇ ಕಾರಿನ ಹೊಟ್ಟೆಯಡಿ ಮರದ ದಿಮ್ಮಿ ಇಟ್ಟು, ಅದರ ಕೆಳಗೆ ಜಾಕ್ ಕೊಟ್ಟು ಕೂದಲೆಳೆಯಷ್ಟೇ ಎತ್ತುತ್ತಾ ಹೋದರು. ಪ್ರತಿ ಸಲ ಎತ್ತಿದಾಗಲೂ ಕಿವಿ ತಗಡಿಗೆ ಹಚ್ಚುತ್ತಿದ್ದರು. ಕೊನೆಗೆ ಬಾಗಿಲು ಟಕ್ ಅಂತ ಬಿಟ್ಟುಕೊಂಡಿತು. ಪೈಪುಗಳನ್ನು ಬೆಸೆದ ಮೇಲೆಯೇ ಅವರು ನೆಲದ ಮೇಲೆ ಕೂತದ್ದು. ನನಗಂತೂ ಅವತ್ತಿಡೀ ಯಾರ ದನಿಯೂ ಹೊರಡಲಿಲ್ಲ, ನನ್ನದೂ ಸೇರಿ.

ಮರುದಿನ ಪೆಟ್ಟಿಗೆಯ ತಳ ಕತ್ತರಿಸುವಾಗ ವಿಚಿತ್ರವೊಂದಾಯಿತು. ಗ್ರೈಂಡರ್ ಕಿಡಿ ಹಾರಿದ ಕೂಡಲೇ ಗ್ಯಾರೇಜಿಡೀ ಧೂಪದ ಪರಿಮಳ. ವಾಸಣ್ಣ ಕೈ ಮುಗಿದೇಬಿಟ್ಟರು. ನಾನು ಪೂಜೆ ಭಟ್ಟರ ಹಾಗೆ ಬರಿಗೈಯಲ್ಲೇ ಗಂಟೆ ಅಲ್ಲಾಡಿಸಿದೆ. ಕತ್ತರಿಸಿ ತೆಗೆದು ನೋಡಿದರೆ ಒಳಗೆ ತುಕ್ಕಿನ ಕೆಂಪು ರಾಡಿ ತುಂಬಿಕೊಂಡಿದೆ. ನೀರು ಬಸಿದು ಹೋಗಲೆಂದು ಕಂಪನಿಯವರು ತಳದಲ್ಲಿ ಬಿಟ್ಟ ತೂತುಗಳಿಗೆಲ್ಲಾ ಯಾರೋ ಹಾಲುಮಡ್ಡಿ ಮೆತ್ತಿ ಮುಚ್ಚಿದ್ದಾರೆ. ಹಾಲುಮಡ್ಡಿ ಅಂದರೆ ಕಾಡಿನ ಮರದಿಂದ ಇಳಿಸುವ ಅಂಟು, ಧೂಪಕ್ಕೆ ಹಾಕುವುದು. ಮಳೆಯ ನೀರು ಬಾಗಿಲಿನಿಂದ ಇಳಿದು ಒಳಗೆ ಹೋಗಿದೆ, ಹೊರಗೆ ಬರಲು ದಾರಿಯಿಲ್ಲದೆ ಅಲ್ಲೇ ಕೂತು ತಗಡನ್ನು ತಿಂದಿದೆ.

"ಯಾವ ಪುಣ್ಯಾತ್ಮನಪ್ಪ ಇದನ್ನ ಮಾಡಿದ್ದು!" ಅಂತ ವಾಸಣ್ಣ ತಲೆ ಚಚ್ಚಿಕೊಳ್ಳುತ್ತಿರುವಾಗಲೇ ಮಂಜಪ್ಪ ತಾಯಿಯನ್ನು ಕರೆದುಕೊಂಡು ಬಂದರು. ಸಣ್ಣಮ್ಮ ಅಂತ ಹೆಸರು. ಹೆಸರು ಮಾತ್ರ ಸಣ್ಣದು.

"ಎಂತದ್ರಾ ಇದು, ಗ್ಯಾರೇಜಲ್ಲಿ ಹೋಮ ಇಟ್ಕೊಂಡಿದೀರಾ?" ಅಂತ ಒಳಗೆ ಬಂದವರು ನನ್ನ ಕೈಯಲ್ಲಿದ್ದ ಹಾಲುಮಡ್ಡಿ ಉಂಡೆ ನೋಡಿ ನಿಂತರು. ತೆಗೆದುಕೊಂಡು ಮೂಸಿದರು. "ಇದು ನಮ್ಮನೆಯವ್ರ ಕೈಕೆಲ್ಸ."

"ಯಾರದು ಅವ್ವ?" ಅಂದರು ಮಂಜಪ್ಪ.

"ನಿನ್ನಪ್ಪಂದು ಕಣಾ. ಇಷ್ಟು ತಗ್ಗಿನ ಗಾಡಿ, ಮಳೆಗಾಲದಲ್ಲಿ ಉಂಬಳ ಬಿಡ್ತಾವಾ? ತೂತಿಂದ ಹತ್ತಿ ಒಳಗೆ ಬರ್ತಿದ್ವು. ಒಂದಿನ ದೊಡ್ಮನೆ ಅಮ್ಮನ ಪಾದಕ್ಕೆ ಹಿಡಿದು ಸೀರೆಯೆಲ್ಲಾ ರಕ್ತ. ನಿನ್ನಪ್ಪನ್ನ ಕರೆಸಿ, ಎಲ್ಲಾ ತೂತೂ ಮುಚ್ಚು ಅಂದ್ರು. ಕಾಡಿಂದ ಹಾಲುಮಡ್ಡಿ ತಂದು ಕಾಯಿಸಿ ಮುಚ್ಚಿದ್ರು."

ಉಂಬಳಕ್ಕೆ, ಬರೀ ಒಂದು ಜಿಗಣೆಗೆ, ಹೆದರಿ ಕಾರನ್ನು ಕೊಂದುಕೊಂಡವರು ನಮ್ಮ ಮಲೆನಾಡಿನವರು ಮಾತ್ರವೇ ಇರಬೇಕು. ನಾನು ನಗಲು ಬಾಯಿ ತೆರೆದೆ. ಮಂಜಪ್ಪನ ಮುಖ ನೋಡಿ ಮುಚ್ಚಿದೆ.

"ಪಾಪ, ಅಪ್ಪನಿಗೆ ಗೊತ್ತಾಗ್ಲಿಲ್ಲ" ಅಂದರು ಮಂಜಪ್ಪ. "ನೀರು ಒಳಗೇ ನಿಲ್ತದೆ ಅಂತ."

ಸಣ್ಣಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಗೊತ್ತಾಗ್ಲಿಲ್ವಾ? ಹುಟ್ಟಿದಾಗಿಂದ ಗದ್ದೆ ಅಂಚಿಗೆ ಕಂಡಿ ಕಡಿದು ನೀರು ಬಿಟ್ಟವ್ರು. ನೀರಿಗೆ ದಾರಿ ಕಟ್ಟಿದ್ರೆ ಎಂತಾಗ್ತದೆ ಅಂತ ಅವ್ರಿಗೆ ಗೊತ್ತಿರ್ಲಿಲ್ವಾ? ಮುಚ್ಚು ಅಂದ್ರು, ಮುಚ್ಚಿದ್ರು. ನೀರಿಗೆ ದಾರಿ ಬಿಡು ಅಂತ ಯಾರೂ ಹೇಳ್ಲಿಲ್ಲ, ಇವ್ರೂ ಕೇಳ್ಲಿಲ್ಲ. ಮನೆಗೆ ಬಂದು ಅವತ್ತು ಎರಡು ಸಲ ಅನ್ನ ಹಾಕಿಸ್ಕೊಂಡು ಉಂಡ್ರು."

ಮಂಜಪ್ಪ ಕತ್ತರಿಸಿದ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಹಾಗಾದ್ರೆ ಅಪ್ಪ ಬೇಕಂತಲೇ ಕೊಂದಿದ್ದನ್ನ ನಾನು ಬದುಕಿಸ್ತಿದೀನಿ. ವಾಸಣ್ಣಾ, ಬಿಟ್ಟುಬಿಡಿ. ಗುಜರಿಗೇ ಹೋಗ್ಲಿ."

ವಾಸಣ್ಣ ಗಂಟಲೂ ಸರಿ ಮಾಡಿಕೊಳ್ಳಲಿಲ್ಲ, ಉಗಿಯಲೂ ಹೋಗಲಿಲ್ಲ. ಮಾತಾಡಿದ್ದು ಸಣ್ಣಮ್ಮನೇ.

"ಥೋ, ಎಂತ ಮಗನೋ ನೀನು! ಅವ್ರು ಮುಚ್ಚಿದ್ದು ದೊಡ್ಮನೆ ಕಾರನ್ನ. ಈಗ ಇದು ಯಾರ ಕಾರು? ನಿಂದು. ನಿನ್ನ ಕಾರಿಗೆ ಅವ್ರು ಎಂತ ಮಾಡಿದ್ರು? ನೀರಿಗೆ ದಾರಿ ಬಿಡಿಸಿ ಕಟ್ಟಿಸು." ನಮ್ಮ ಕಡೆ ತಿರುಗಿ, "ನೀವಿಬ್ರೂ ಎಂತ ಕಣ್ಣು ಬಿಡ್ತೀರಿ, ಕೆಲ್ಸ ಮಾಡಿ" ಅಂದರು.

ಮಾಡಿದೆವು. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಹಟ ಹಿಡಿದು ಇನ್ನೊಂದು ಕೆಲಸ ಮಾಡಿಲ್ಲ. ಆ ಕಾರಿಗೆ ರೆಡಿ ಪ್ಯಾನಲ್ ಎಲ್ಲಿಯೂ ಸಿಗುವುದಿಲ್ಲ. ಕತ್ತರಿಸಿ ತೆಗೆದ ಹಳೇ ಪೆಟ್ಟಿಗೆಯನ್ನೇ ರಟ್ಟಿನ ಮೇಲಿಟ್ಟು ಅಚ್ಚು ತೆಗೆದು, ಹೊಸ ತಗಡನ್ನು ಮಡಚಿ, ವಾಸಣ್ಣ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ರೂಪಕ್ಕೆ ತಂದರು. ಗ್ಯಾಸ್ ವೆಲ್ಡಿಂಗಿನಲ್ಲೇ ಬೆಳೆದವರು ಅವರು. ನಾನು ಕಲಿತ ಹೊಸ ವೆಲ್ಡಿಂಗ್ ಮೆಷಿನ್ನನ್ನು 'ಆಟದ ಸಾಮಾನು' ಅನ್ನುತ್ತಿದ್ದರು. ಆದರೆ ತೆಳು ತಗಡು ಗ್ಯಾಸಿನ ಬಿಸಿಗೆ ಸುರುಟಿಕೊಳ್ಳುತ್ತದೆ ಅಂತ ಅವರಿಗೂ ಗೊತ್ತು. "ನಿನ್ನ ಆಟದ ಸಾಮಾನು ತಾ" ಅಂದರು, ಬೇರೆ ಕಡೆ ನೋಡುತ್ತಾ. ನಾನು ಇಲ್ಲೊಂದು ಚುಕ್ಕಿ, ದೂರದಲ್ಲಿ ಇನ್ನೊಂದು ಚುಕ್ಕಿ, ಹೀಗೆ ತಣಿಯಲು ಬಿಟ್ಟು ಬೆಸೆದೆ. ಪೆಟ್ಟಿಗೆ ಮುಚ್ಚುವ ಮೊದಲು ಒಳಗೆಲ್ಲಾ ಪ್ರೈಮರ್. ಮುಚ್ಚಿದ ಮೇಲೆ ವಯರಿನ ತುದಿಯ ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು, ಫೋನಿನಲ್ಲಿ ನೋಡಿ, ಬಣ್ಣ ತಲುಪದ ಜಾಗಕ್ಕೆ ಮೇಣ ಸಿಂಪಡಿಸಿದೆವು. ವಾಸಣ್ಣ ಆ ಫೋನನ್ನು ಕೈಯಿಂದ ಬಿಡಲೇ ಇಲ್ಲ. ಆಮೇಲೆ ಅದನ್ನು ತಮ್ಮ ಬಾಯೊಳಗೂ ಬಿಟ್ಟು ಹುಳುಕು ಹಲ್ಲು ನೋಡಿಕೊಂಡರು. ತಳದ ತೂತುಗಳನ್ನು ಸಣ್ಣಮ್ಮ ಹೇಳಿದ ಹಾಗೆ ಒಂದೂ ಬಿಡದೆ ತೆರೆದೆವು.

ಪೈಪುಗಳನ್ನು ಕತ್ತರಿಸಿ ತೆಗೆದು, ಜಾಕ್ ಇಳಿಸುವಾಗ ನಾವಿಬ್ಬರೂ ಉಸಿರು ಹಿಡಿದಿದ್ದೆವು. ಬಾಗಿಲು ಮತ್ತೆ ಕೂರಿಸಿ ಹಾಕಿದೆ. ಮುಚ್ಚಿತು. ತೆಗೆದೆ. ತೆರೆಯಿತು. ಇಪ್ಪತ್ತು ಸಲ ಮಾಡಿರಬೇಕು. "ಸಾಕು, ಬಾಗಿಲ ಹಿಂಜು ಸವೆಸ್ಬೇಡ" ಅಂದರು ವಾಸಣ್ಣ. ಕಣ್ಣು ಒದ್ದೆಯಾಗಿತ್ತು. ವೆಲ್ಡಿಂಗ್ ಬೆಳಕು ಅಂದರು. ಗಂಟಲು ಎರಡು ಸಲ ಸರಿ ಮಾಡಿಕೊಂಡೇ ಅಂದರು.

ಇನ್ನು ಆರ್‌ಟಿಒ ತಪಾಸಣೆ. ಬಂದ ಅಧಿಕಾರಿ ಒಳ್ಳೆ ದಪ್ಪದ ಆಳು. ಅಯಸ್ಕಾಂತ ಹಿಡಿದರು, ಅಂಟಿತು. ಸ್ಕ್ರೂಡ್ರೈವರ್ ಒತ್ತಿದರು, ಜಾರಿತು. ಇಂಜಿನ್ ಕೆಲಸದವರು ಸರಿ ಮಾಡಿಕೊಟ್ಟಿದ್ದ ಇಂಜಿನ್, ಬ್ರೇಕು, ದೀಪ ಎಲ್ಲಾ ನೋಡಿ, ಕೊನೆಗೆ ಬಾಗಿಲು ತೆರೆದು, ಬೂಟಿನ ಲೇಸು ಕಟ್ಟಿಕೊಳ್ಳಲು ನಮ್ಮ ಹೊಸ ಪೆಟ್ಟಿಗೆಯ ಮೇಲೇ ಧಪ್ಪನೆ ಕೂತರು. ವಾಸಣ್ಣ ಕಣ್ಣು ಮುಚ್ಚಿಕೊಂಡರು. ಲೇಸು ಕಟ್ಟಿ ಎದ್ದ ಅಧಿಕಾರಿ ಬಾಗಿಲು ಹಾಕಿದರು. ಸಲೀಸಾಗಿ ಮುಚ್ಚಿತು. "ಸರಿ ಇದೆ, ಒಯ್ಯಿರಿ" ಅಂದರು. ಅದನ್ನು ಅವರ ದನಿಯಲ್ಲೇ ನಾನು ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ.

ಕಾರನ್ನು ಊರಿಗೆ ಮುಟ್ಟಿಸಲು ನಾನೇ ಹೋದೆ. ಹೊಸನಗರ, ಹುಂಚ ದಾಟಿ ತೀರ್ಥಹಳ್ಳಿ ಕಡೆ ಇಳಿಯುವಾಗ ಜನ ಬಸ್ಸಿನಿಂದ ಇಣುಕಿ ನೋಡಿದರು. ಆ ಕಾರಿನಲ್ಲಿ ಕೂತಾಗ ನಾನು ನನ್ನದೇ ಅಣಕು ಮಾಡಿಕೊಂಡೆ: ಹರಕು ಬನಿಯನ್ನಿನ ಸಾಹುಕಾರ.

ಮಂಜಪ್ಪನ ಅಂಗಳದಲ್ಲಿ ಸಣ್ಣಮ್ಮ ಸಂತೆ ಚೀಲ ಹಿಡಿದು ಸಿದ್ಧವಾಗಿದ್ದರು. ಮಳೆ ಇನ್ನೂ ಹಿಡಿದಿರಲಿಲ್ಲ. ಎರಡೇ ಸೀಟು, ನಾನು ಇಳಿದು ನಿಂತೆ. ಮಂಜಪ್ಪ ಸ್ಟೇರಿಂಗ್ ಹಿಂದೆ ಕೂತರು. ಸಣ್ಣಮ್ಮ ಒಂದು ಕೈಯಲ್ಲಿ ಬಾಗಿಲು, ಇನ್ನೊಂದು ಕೈಯಲ್ಲಿ ನನ್ನ ಭುಜ ಹಿಡಿದು, ಮೊಣಕಾಲು ಮಡಚಿ, ಅಯ್ಯಪ್ಪಾ ಅಂತ ಒಳಗೆ ಇಳಿದರು. ಇಳಿದರು ಅನ್ನುವುದೇ ಸರಿ. ಕೂತ ಮೇಲೆ ಆಚೆ ಈಚೆ ನೋಡಿದರು. ಅಂಗಳದ ಕೋಳಿ ಅವರ ಕಣ್ಣಿನ ಮಟ್ಟಕ್ಕೆ ಬಂದು ಅವರನ್ನೇ ನೋಡುತ್ತಿತ್ತು.

"ಇದೆಂತದಾ! ಇದರಲ್ಲಿ ಕೂತ್ರೆ ನೆಲದ ಮೇಲೆ ಕೂತಂಗೇ ಆಗ್ತದಲ್ಲೋ" ಅಂದರು. "ಇದಕ್ಕೇ ಅಷ್ಟು ಜಂಬ ಮಾಡ್ತಿದ್ರಾ ಅವ್ರು?"

ಮಂಜಪ್ಪ ನಗು ತಡೆಯಲಾಗದೆ ಇಂಜಿನ್ ಚಾಲೂ ಮಾಡಿದರು. "ದೊಡ್ಮನೆ ಮುಂದೆ ಒಂದು ಗಳಿಗೆ ನಿಲ್ಲಿಸ್ಲಾ ಅವ್ವ?"

"ಎಂತಕ್ಕೆ? ಅವ್ರಿಗೆ ತೋರಿಸೋಕೆ ನಾವು ಹೊರಟಿದ್ದಲ್ಲ" ಅಂದರು ಸಣ್ಣಮ್ಮ, ಚೀಲ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಳ್ಳುತ್ತಾ. "ಹೊಡಿ. ಹೊತ್ತಾದ್ರೆ ಒಳ್ಳೆ ಒಣಮೀನು ಖಾಲಿಯಾಗ್ತದೆ."